ಒಪ್ಪಿಗೆ ಕೊಟ್ಟ ಕೋಟು

ತಗಡಿನ ಕೇರಿಯ ಮನೆಗಳನ್ನು ಕೆಡವಿದರು. ಬಹಿರಂಗ ಸಭೆಯಲ್ಲಿ ನಿವಾಸಿಗಳ ಪ್ರತಿನಿಧಿ ಎದ್ದು ನಿಂತು ಒಪ್ಪಿಗೆ ಕೊಟ್ಟಿದ್ದಾನೆ ಎಂದು ಸರ್ಕಾರದ ಆದೇಶ ಹೇಳಿತು. ಕೇರಿಯವರನ್ನು ದೊಡ್ಡ ಚರಂಡಿಯಾಚೆಯ ತಗ್ಗಿಗೆ ಸಾಗಿಸಿದರು. ಖಾಲಿಯಾದ ಜಾಗದಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಸಾರ್ವಜನಿಕ ನೀತಿ ಶಾಲೆ ಎದ್ದಿತು.

ಆ ಪ್ರತಿನಿಧಿಯ ಹೆಸರು ಆದೇಶದಲ್ಲಿರಲಿಲ್ಲ. ಕೇರಿಗೆ ಹೆಸರಿನ ಅಗತ್ಯವೂ ಬೀಳಲಿಲ್ಲ. ಮನೆಗಳು ಬೀಳುವ ಮುಂಚೆ ಪತ್ರಿಕೆಯಲ್ಲಿ ಸಭೆಯ ಚಿತ್ರ ಬಂದಿತ್ತು. ಸಾಲು ಕುರ್ಚಿಗಳು, ಟೋಪಿ ಹಾಕಿದ, ಮುಸುಕು ಹೊದ್ದ ಮಸುಕು ತಲೆಗಳು, ನಡುವೆ ಕೈಯೆತ್ತಿ ಮಾತಾಡುತ್ತ ನಿಂತ ಒಬ್ಬ ಗಂಡಸು. ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನಿನ ಮೇಲೆ ಕೋಟು. ಕೋಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ತಿಳಿ ಬಣ್ಣದ ತೇಪೆ.

ಅಂಥ ತೇಪೆಯ ಕೋಟು ಕೇರಿಯಲ್ಲಿ ಒಂದೇ ಇತ್ತು. ಅದು ಟ್ರಂಕು ಮಾಡುವ ಕಹಳೆಯದು. ಅವನ ಹೆಂಡತಿ ಇಸ್ತ್ರಿ ಮಾಡುವಾಗ ಯಾರೊಡನೆಯೋ ಮಾತಿಗೆ ನಿಂತು ಬೆನ್ನು ಸುಟ್ಟಿದ್ದಳು. ಸುಟ್ಟಷ್ಟನ್ನೇ ಕತ್ತರಿಸಿ, ಅದೇ ಆಕಾರದ ತೇಪೆ ಹಾಕಿದ್ದಳು. ಕೇರಿ ತಿಂಗಳುಗಟ್ಟಲೆ ಆ ತೇಪೆ ನೋಡಿ ನಕ್ಕಿತ್ತು. ಆಮೇಲೆ ಪತ್ರಿಕೆಯಲ್ಲಿ ಅದೇ ತೇಪೆ ನೋಡಿ ಉಗಿಯಿತು.

ಅವನ ಗಂಟಲು ದೊಡ್ಡದು, ಅದಕ್ಕೇ ಕಹಳೆ. ಸುತ್ತಿಗೆಗಳ ಸದ್ದನ್ನು ಮೀರಿ ಕೇರಿಯ ಆ ತುದಿಗೆ ಕೇಳುವಂತೆ ಕೂಗುತ್ತಿದ್ದ. ಜಾಗ ಬಿಡುವುದಿಲ್ಲ ಎಂದು ಮೊದಲು ಕೂಗಿದವನೂ ಅವನೇ. ಸಭೆಗೆ ಗುಟ್ಟಾಗಿ ಕರೆದಿದ್ದಾರೆ, ಇವನು ಗುಟ್ಟಾಗಿ ಹೋಗಿದ್ದಾನೆ, ಜೊತೆಗೆ ಬಾಡಿಗೆ ಜನರನ್ನು ಕೂರಿಸಿದ್ದಾರೆ ಎಂದು ಕೇರಿ ತೀರ್ಮಾನಿಸಿತು. ಅವನು ಹೇಳಿದ್ದು ಒಂದೇ ಮಾತು: “ಓದೋ ಹುಡುಗರು ಬಂದಿದ್ರು. ಒಬ್ಬ ಚಳಿ ಅಂದ. ಕೋಟು ಕೊಟ್ಟೆ.” ಈ ಮಾತನ್ನು ಯಾರು ನಂಬುತ್ತಾರೆ? ಯಾರೂ ನಂಬಲಿಲ್ಲ. ತಗ್ಗಿನಲ್ಲಿ ಅವನ ಜೊತೆ ಯಾರೂ ಕೂತು ಕೆಲಸ ಮಾಡಲಿಲ್ಲ. ಅವನ ಗಂಟಲು ತಾನಾಗಿಯೇ ಸಣ್ಣದಾಯಿತು. ಸತ್ತಾಗ ಹೆಗಲು ಕೊಡಲು ಪಕ್ಕದ ಬೀದಿಯ ಹಮಾಲರು ಬಂದರು.

ಅವನಿಗೊಬ್ಬ ಮಗಳು. ಮನೆ ಕೆಡವಿದಾಗ ಅವಳು ಸ್ಲೇಟು ಹಿಡಿದು ಶಾಲೆಗೆ ಹೋಗುವ ಹುಡುಗಿ. ಈಗ ಅದೇ ಜಾಗದಲ್ಲಿ ನಿಂತ ನೀತಿ ಶಾಲೆಯಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎನ್ನುತ್ತಾರೆ, ಕೂರಲು ಕುರ್ಚಿ ಕೊಡುವುದಿಲ್ಲ. ಎಲ್ಲಿಯವಳೆಂದು ಅವಳು ಯಾರಿಗೂ ಹೇಳಿರಲಿಲ್ಲ. ವಿಳಾಸ ಕೇಳಿದರೆ ಚರಂಡಿಯ ಈಚೆಯ ಮುಖ್ಯರಸ್ತೆಯನ್ನು ಹೇಳುತ್ತಿದ್ದಳು. ಅವಳು ಇಲ್ಲಿ ಕೆಲಸಕ್ಕೆ ಸೇರಿದ್ದು ಹೊಟ್ಟೆಪಾಡಿಗೆ. ಆದರೆ ಒಳಗೊಂದು ಪ್ರಶ್ನೆ ಮುಳ್ಳಿನಂತೆ ಮುರಿದುಕೊಂಡಿತ್ತು. ಅಪ್ಪ ಆ ಒಪ್ಪಿಗೆಯ ಮಾತು ಹೇಳಿದನೋ, ಇಲ್ಲವೋ?

ಒಂದು ದಿನ ನಿರ್ದೇಶಕರು ಅವಳನ್ನು ಕರೆಸಿ, ತಾವೇ ಎದ್ದು ಕುರ್ಚಿ ಎಳೆದುಕೊಟ್ಟರು. ಮಗಳಿಗೆ ಅಲ್ಲೇ ಅನುಮಾನ ಬಂತು.

“ಬನ್ನಿ ಮೇಡಂ, ಕೂತ್ಕೊಳಿ. ಟೀ ತಗೊಳ್ಳಿ. ನಿಮಗೆ ಸಕ್ಕರೆ ಕಮ್ಮಿ ಅಲ್ವಾ?”

ತನ್ನ ಸಕ್ಕರೆಯ ಲೆಕ್ಕ ಇವರಿಗೆ ಹೇಗೆ ಗೊತ್ತು? ಇನ್ನೇನೇನು ಗೊತ್ತು? ಅವಳು ಕಪ್ಪನ್ನು ಮುಟ್ಟಲಿಲ್ಲ.

“ಕಟ್ಟಡಕ್ಕೆ ಬೆಳ್ಳಿ ಮಹೋತ್ಸವ. ಶಾಲೆಯ ಚರಿತ್ರೆ ಒಂದು ಬರ್ಬೇಕು. ನೀವು ಬರೀಬೇಕು.”

“ನಾನ್ಯಾಕೆ ಸರ್? ಖಾಯಂ ಇರೋರು ಇಷ್ಟು ಜನ ಇದ್ದಾರಲ್ಲ.”

“ಅವರಿಗೆಲ್ಲಿ ಪುರುಸೊತ್ತು! ಬಡತನದ ಬಗ್ಗೆ ಮಾತಾಡೋಕೆ ವಿಮಾನ ಹತ್ತಬೇಕು ಪಾಪ.” ತಮ್ಮ ಮಾತಿಗೆ ತಾವೇ ನಕ್ಕರು. “ನಿಮ್ಮ ಬರವಣಿಗೆಯಲ್ಲಿ ಒಂದು ಸತ್ವ ಇದೆ. ಮುಂದೆ ಒಂದು ಹುದ್ದೆ ಖಾಲಿ ಆಗ್ತಿದೆ, ನನ್ನ ಮನಸ್ಸಲ್ಲಿ ನೀವಿದ್ದೀರಿ. ಅದಿರಲಿ. ಅಣಕು ಸಭೆಗೆ ಒಂದು ಪೂರ್ತಿ ಅಧ್ಯಾಯ ಕೊಡಿ. ಮಹೋತ್ಸವದಲ್ಲಿ ಅದನ್ನ ಮತ್ತೆ ಆಡಿಸ್ತೀವಿ. ವೇಷದ ಪೆಟ್ಟಿಗೆ ಮೆಟ್ಟಿಲ ಕೆಳಗಿದೆ, ಅದನ್ನೂ ನೀವೇ ನೋಡ್ಕೊಳಿ.”

ಅಣಕು ಸಭೆ ಈ ಶಾಲೆಯ ಹೆಮ್ಮೆ. ಪ್ರತಿ ವರ್ಷ ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಬಹಿರಂಗ ಸಭೆಯೊಂದನ್ನು ಆಡಿ ತೋರಿಸುತ್ತಾರೆ. ಕೆಲವರು ಅಧಿಕಾರಿಗಳು, ಕೆಲವರು ತಜ್ಞರು, ಉಳಿದವರು ಬಡವರು. ಬಡವರಾಗುವ ಪಾಳಿ ಬಂದವರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ; ಆ ಪಾತ್ರಕ್ಕೆ ಅಂಕ ಕಡಿಮೆ. ಆಟ ನಡೆಯುವುದು ಹಿರಿಯ ಪ್ರಾಧ್ಯಾಪಕರ ಮುಂದೆ, ಬಾಗಿಲು ಮುಚ್ಚಿಕೊಂಡು. ಅತಿಥಿಗಳಿಗೆ ಪ್ರವೇಶವಿಲ್ಲ. ಮಗಳು ಅದನ್ನು ನೋಡಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಅಮ್ಮ ಬೆಸುಗೆ ಕಡ್ಡಿಯನ್ನು ಒಲೆಗಿಟ್ಟು ತಿರುಗಿದಳು. ಗಂಡ ಹೋದ ಮೇಲೆ ಡಬ್ಬಗಳಿಗೆ ತಳ ಕೂರಿಸುವ ಕೆಲಸವನ್ನು ಅವಳೇ ಹಿಡಿದಿದ್ದಳು.

“ಕುರ್ಚಿ ಎಳೆದುಕೊಟ್ನಾ? ಟೀ ಕೊಟ್ನಾ? ಹಂಗಾದ್ರೆ ಹುಷಾರು ಕಣೇ. ನಮ್ಮನ್ನ ಎಬ್ಬಿಸೋಕೆ ಮುಂಚೆ ಅವರು ಬಂದು ನಮ್ಮನೇಲಿ ಟೀ ಕುಡಿದಿದ್ರು. ಮಕ್ಕಳ ತಲೆ ಸವರಿದ್ರು. ನಿನ್ನದೂ.”

“ಬರೆಯೋ ನೆಪದಲ್ಲಿ ಎಲ್ಲರನ್ನೂ ಕೇಳಬಹುದಲ್ಲಮ್ಮ. ಅಪ್ಪ ಹೋಗಿದ್ರಾ ಇಲ್ವಾ ಅಂತ ಗೊತ್ತಾಗುತ್ತೆ.”

ಅಮ್ಮ ಡಬ್ಬವೊಂದನ್ನು ಕೈಗೆತ್ತಿಕೊಂಡಳು.

“ನಿಜ ಹೇಳು. ಹೋಗಿದ್ರಾ?”

“ನನಗೇನು ಗೊತ್ತು? ನಾನು ಅವತ್ತು ತವರಿಗೆ ಹೋಗಿದ್ದೆ.” ಅಮ್ಮ ಕೈಯಲ್ಲಿದ್ದ ಡಬ್ಬವನ್ನು ತಿರುಗಿಸುತ್ತಲೇ ಇದ್ದಳು. “ಒಂದ್ಸಲ ಕೇಳಿದೆ. ನೀನೂ ಕೇಳ್ತೀಯಾ ಅನ್ನೋ ಹಾಗೆ ಮುಖ ನೋಡಿದ್ರು. ಆಮೇಲೆ ಕೇಳಲಿಲ್ಲ. ಕೇಳದೇ ಇದ್ದಿದ್ದಕ್ಕೆ ನಂಬಿದೀನಿ ಅಂದ್ಕೊಂಡ್ರೋ, ನಂಬಲಿಲ್ಲ ಅಂದ್ಕೊಂಡ್ರೋ… ಆ ಹಾಳು ತೇಪೆ ನಾನು ಹಾಕದಿದ್ರೆ ಯಾರಿಗೂ ಗುರುತು ಸಿಗ್ತಿರಲಿಲ್ಲ.”

ಪಕ್ಕದ ಮನೆಯಿಂದ ತಗಡು ಕತ್ತರಿಸುವ ಸದ್ದು ನಿಂತಿತು. ಗೋಡೆಯೆಂದರೆ ಅಲ್ಲಿ ಒಂದು ಹಾಳೆ ತಗಡು. ಅದರಾಚೆ ಕತ್ತರಿ ಮಾವ. ಒಂದು ಕಾಲದಲ್ಲಿ ಕಹಳೆಯ ಜೀವದ ಗೆಳೆಯ. ಆ ಚಿತ್ರವಿದ್ದ ಪತ್ರಿಕೆಯನ್ನು ಮನೆಮನೆಗೆ ಹಿಡಿದುಕೊಂಡು ಹೋಗಿ ತೋರಿಸಿದವನೂ ಅವನೇ.

“ಏನವ್ವಾ ಪಂಡಿತೆ,” ಎಂದು ತಗಡಿನಾಚೆಯಿಂದ ಕೂಗಿದ. “ನಿನ್ನ ಸ್ಕೂಲಿನೋರು ಅಳತೆ ಟೇಪು ಹಿಡ್ಕೊಂಡು ನಮ್ಮ ತಗ್ಗಿನಲ್ಲಿ ಓಡಾಡ್ತಿದ್ದಾರೆ. ಯಾಕೆ, ಇದೂ ಬೇಕಂತಾ? ಒಪ್ಪಿಗೆ ಕೊಡೋಕೆ ನೀನಿದ್ದೀಯಲ್ಲ ಬಿಡು. ಮನೆತನದ ಕಸುಬು!”

“ಮಾವ, ನೀವು ಕಣ್ಣಾರೆ ನೋಡಿದ್ರಾ ಅಪ್ಪನ್ನ ಆ ಸಭೇಲಿ?”

“ಬೆನ್ನು ನೋಡಿದೀನಿ. ಸಾಕು. ಮುಖ ತೋರಿಸೋ ಯೋಗ್ಯತೆ ಇದ್ದಿದ್ರೆ ತಿರುಗಿ ನಿಲ್ತಿದ್ದ.”

ಮಗಳು ಎದ್ದು ಹೊರಗೆ ಬಂದು ನೋಡಿದಳು. ಚರಂಡಿಯ ದಂಡೆಯುದ್ದಕ್ಕೂ ಸುಣ್ಣದ ಗೆರೆ ಎಳೆದಿದ್ದರು. ಗೆರೆ ಅವಳ ಮನೆಯ ಹೊಸ್ತಿಲಿನ ಮುಂದೆ ಹಾದು, ಕತ್ತರಿ ಮಾವನ ಒಲೆಯನ್ನು ಬಳಸಿ ಹೋಗಿತ್ತು.

ಮರುದಿನ ಅವಳು ಮೆಟ್ಟಿಲ ಕೆಳಗಿನ ಉಗ್ರಾಣದ ಬೀಗ ತೆಗೆಸಿದಳು. ಬೀಗದ ಕೈ ಗೊಂಚಲು ಹಿಡಿದ ಜವಾನ ಮೂಗು ಮುಚ್ಚಿಕೊಂಡ. “ಬಡವರ ಪೆಟ್ಟಿಗೆ ಬೇಕಾ ಮೇಡಂ? ತಗೊಳ್ಳಿ. ಹುಡುಗರು ಹಂಗೇ ಕರೆಯೋದು.”

ಅದು ತಗಡಿನ ಟ್ರಂಕು. ಮುಚ್ಚಳ ಎತ್ತಿದರೆ ನುಸಿಗುಳಿಗೆಯ ವಾಸನೆ. ಮೇಲೆ ಹರಿದ ಟೋಪಿಗಳು, ಮಾಸಿದ ತಲೆವಸ್ತ್ರಗಳು, ಬೇಕೆಂದೇ ಮಸಿ ಬಳಿದ ಎರಡು ಅಂಗಿ, ಊರುಗೋಲು, ಹುಸಿ ಗಡ್ಡ. ಬಡತನವನ್ನು ಇವರು ಮಡಚಿ, ಗುಳಿಗೆ ಹಾಕಿ, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಕಾಪಾಡಿಕೊಂಡು ಬಂದಿದ್ದರು. ತಳದಲ್ಲಿ ಒಂದು ಕೋಟಿತ್ತು.

ಅವಳು ಅದನ್ನು ಬಿಡಿಸಿ ಹಿಡಿದಳು. ತೋಳಿನ ಅಂಚಿನಲ್ಲಿ ಬೆಸುಗೆ ಹನಿ ಬಿದ್ದು ಸುಟ್ಟ ಸಣ್ಣ ತೂತುಗಳು. ತಿರುಗಿಸಿದಳು. ಇಸ್ತ್ರಿಪೆಟ್ಟಿಗೆ. ಅಮ್ಮನ ಹೊಲಿಗೆ ಈಗಲೂ ಓರೆಯೇ.

ಅಪ್ಪ ಕೋಟು ಕೊಟ್ಟದ್ದು ನಿಜ ಎಂದು ಮೊದಲು ಅನ್ನಿಸಿತು, ಕಣ್ಣು ತುಂಬಿತು. ಮರುಗಳಿಗೆಯಲ್ಲೇ ಇನ್ನೊಂದು ಯೋಚನೆ ಹೆಡೆಯೆತ್ತಿತು. ಅಪ್ಪ ಇದನ್ನು ಹಾಕಿಕೊಂಡೇ ಸಭೆಗೆ ಹೋಗಿ, ಮಾತಾಡಿ, ಅಲ್ಲಿಯೇ ಬಿಚ್ಚಿಟ್ಟು ಬಂದಿದ್ದರೆ? ಗುರುತು ಸಿಗಬಾರದೆಂದು? ಹೆತ್ತ ಅಪ್ಪನನ್ನೇ ಹೀಗೆ ತೂಗುವಂತೆ ಮಾಡಿದವರು ಯಾರು ಎಂದು ಅವಳಿಗೆ ಸಿಟ್ಟು ಬಂತು. ಆದರೆ ತೂಗುವುದು ನಿಲ್ಲಲಿಲ್ಲ.

“ಚೆನ್ನಾಗಿರೋದು ಅದೊಂದೇ ಮೇಡಂ,” ಎಂದ ಜವಾನ. “ಪ್ರತಿನಿಧಿ ಕೋಟು. ಪ್ರತಿ ವರ್ಷ ಅದನ್ನ ಹಾಕ್ಕೊಂಡವನೇ ಒಪ್ಪಿಗೆ ಕೊಡೋದು.”

ಶಾಲೆಯನ್ನು ಕಟ್ಟಿದ ದೊಡ್ಡ ಮೇಷ್ಟ್ರು ಇನ್ನೂ ಇದ್ದರು. ನಿವೃತ್ತರಾದರೂ ಆವರಣದ ಬಂಗಲೆ ಬಿಟ್ಟಿರಲಿಲ್ಲ. ಬೇರೆಯವರನ್ನು ಮನೆ ಬಿಡಿಸುವ ವಿದ್ಯೆ ಕಲಿಸಿದವರು ತಾವು ಮನೆ ಬಿಡುವುದಿಲ್ಲ. ಮಗಳು ಹೋದಾಗ ಗಿಡಗಳಿಗೆ ನೀರು ಚಿಮುಕಿಸುತ್ತಿದ್ದರು.

“ಚರಿತ್ರೆ ಬರೆಯೋ ಹುಡುಗಿ ನೀನೇನಾ? ಬಾ ತಾಯಿ, ಕೂತ್ಕೋ. ಯಾವ ಕಡೆಯವಳು ನೀನು?”

“ಇಲ್ಲೇ ಸರ್, ಮುಖ್ಯರಸ್ತೆ.”

ಅವರು ಕನ್ನಡಕದ ಮೇಲಿನಿಂದ ಒಂದು ಕ್ಷಣ ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಚರಿತ್ರೆ ಶುರುವಾಯಿತು. ಮೊದಲು ಗಣಿತ ವಿಭಾಗದ ಮೇಲಿನ ಸೋರುವ ಕೋಣೆ. ಬಕೆಟ್ಟು ಇಟ್ಟುಕೊಂಡು ಪಾಠ. ಗುಮಾಸ್ತರಿಗೆ, ತಾಲ್ಲೂಕು ಅಧಿಕಾರಿಗಳಿಗೆ ಸಂಜೆ ತರಗತಿ. ಆಗ ಅದರ ಹೆಸರು ಆಡಳಿತ ತರಬೇತಿ ವಿಭಾಗ. ಆಮೇಲೆ ಅಭಿವೃದ್ಧಿಗೆ ಅನುದಾನ ಬಂತು, ಅಭಿವೃದ್ಧಿ ಅಧ್ಯಯನ ಕೇಂದ್ರವಾಯಿತು. ಅಭಿವೃದ್ಧಿ ಹಳತಾಯಿತು, ನೀತಿಗೆ ಬೇಡಿಕೆ ಬಂತು, ನೀತಿ ಶಾಲೆಯಾಯಿತು. ಬೋರ್ಡು ಬರೆಯುವವನೇ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದ ಎಂದು ಮೇಷ್ಟ್ರು ನಕ್ಕರು.

“ಸ್ವಂತ ಕಟ್ಟಡ ಬೇಕಿತ್ತು. ಸರ್ಕಾರ ತಗಡಿನ ಕೇರಿ ತೋರಿಸ್ತು. ಬಹಿರಂಗ ಸಭೆ ನಡೆಸಿ ವರದಿ ಕೊಡಿ ಅಂತ ನಮಗೇ ಒಪ್ಪಿಸ್ತು.”

“ನಿಮ್ಮ ಕಟ್ಟಡಕ್ಕೆ ನೀವೇ ಸಭೆ ನಡೆಸಿದ್ರಾ ಸರ್?”

“ನಮ್ಮಷ್ಟು ತಿಳಿದೋರು ಬೇರೆ ಯಾರಿದ್ರು ಹೇಳು?” ಅವರ ಮುಖದಲ್ಲಿ ಅಳುಕಿರಲಿಲ್ಲ. “ನಾನು ಹುಡುಗರಿಗೆ ಹೇಳಿದೆ, ಮೊದಲು ನೀವು ಆಡಿ ನೋಡಿ. ಜನ ಏನು ಕೇಳ್ತಾರೆ, ನಾವೇನು ಉತ್ತರ ಕೊಡಬೇಕು, ತಾಲೀಮು ಆಗ್ಲಿ ಅಂತ. ಹುಡುಗರು ಕೇರಿಗೆ ಹೋಗಿ, ಮಾತಾಡಿಸಿ, ಬಟ್ಟೆ ಕೂಡ ಅಲ್ಲಿಂದಲೇ ತಂದ್ರು. ನೈಜವಾಗಿ ಇರಬೇಕಲ್ಲ! ಅಬ್ಬಾ, ಎಂಥಾ ಸಭೆ ಅದು. ಮೊದಲು ವಿರೋಧ, ಆಮೇಲೆ ಅನುಮಾನ, ಆಮೇಲೆ ಚರ್ಚೆ, ಕೊನೆಗೆ ಒಪ್ಪಿಗೆ. ಪುಸ್ತಕದಲ್ಲಿ ಇರೋ ಹಾಗೆ.”

“ಅದು ತಾಲೀಮು. ನಿಜವಾದ ಸಭೆ ಯಾವಾಗ ಆಯ್ತು ಸರ್?”

“ನಿಜವಾದದ್ದು ಅಂದ್ರೆ?”

“ಕೇರಿಯವರನ್ನ ಕೂರಿಸಿ…”

“ಅದರ ಅಗತ್ಯ ಬೀಳಲಿಲ್ಲ ತಾಯಿ.” ಮಗುವಿಗೆ ಕೂಡುವ ಲೆಕ್ಕ ಹೇಳಿಕೊಡುವ ದನಿ ಅದು. “ನೀನೇ ಯೋಚನೆ ಮಾಡು. ಅವರನ್ನ ಕರೆದಿದ್ರೆ ಏನಾಗ್ತಿತ್ತು? ಕೂಗಾಟ. ಅವರ ಹಿತ ಯಾವುದು ಅಂತ ಅವರಿಗಿಂತ ಚೆನ್ನಾಗಿ ನಮ್ಮ ಹುಡುಗರು ಅಧ್ಯಯನ ಮಾಡಿದ್ರು. ಒಬ್ಬೊಬ್ಬನೂ ಒಂದೊಂದು ಕುಟುಂಬದ ಕಷ್ಟ ಕರಗತ ಮಾಡ್ಕೊಂಡಿದ್ದ. ಅವರು ಶಾಂತವಾಗಿ ಯೋಚಿಸಿದ್ರೆ ಏನು ಹೇಳ್ತಿದ್ರೋ ಅದನ್ನೇ ಇವರು ಹೇಳಿದ್ರು. ನಾನು ಅದರ ಮೇಲೇ ವರದಿ ಕಳಿಸಿದೆ, ಪತ್ರಿಕೆಗೂ ಚಿತ್ರ ಕೊಟ್ಟೆ. ಸುಳ್ಳು ಒಂದಕ್ಷರ ಇಲ್ಲ.”

ಅವರು ಕಳ್ಳರ ಹಾಗೆ ಮಾತಾಡಿದ್ದರೆ ಮಗಳಿಗೆ ಸುಲಭವಾಗುತ್ತಿತ್ತು. ಅವರು ಹೆಮ್ಮೆಯಿಂದ ಮಾತಾಡುತ್ತಿದ್ದರು. ಹಸಿದವನ ಪಾತ್ರ ಮಾಡಿದವನಿಗೆ ಊಟ ಹಾಕಿ, ಹಸಿವು ಹೋಯಿತು ಎಂದು ಬರೆದುಕೊಳ್ಳುವ ಜನ ಇವರು.

“ಪ್ರತಿನಿಧಿಯಾಗಿ ಎದ್ದು ನಿಂತವರು ಯಾರು ಸರ್? ಕೋಟು ಹಾಕ್ಕೊಂಡವರು?”

“ನಿಮ್ಮ ಈಗಿನ ನಿರ್ದೇಶಕನೇ! ಆಗ ನನ್ನ ವಿದ್ಯಾರ್ಥಿ. ಚಿನ್ನದ ಪದಕ ಬಂದಿದ್ದೇ ಅದಕ್ಕೆ. ಅಲ್ಲಿನ ಒಬ್ಬ ಗಂಟಲು ದೊಡ್ಡ ಮನುಷ್ಯನ್ನ ಎಷ್ಟು ಚೆನ್ನಾಗಿ ಅನುಕರಿಸಿದ್ದ ಅಂತೀಯಾ. ನನಗೆ ಕಣ್ಣಲ್ಲಿ ನೀರೇ ಬಂತು.”

ಮಗಳು ಎದ್ದಳು. ಗೇಟಿನ ತನಕ ಮೇಷ್ಟ್ರು ಬಂದರು. “ಮಹೋತ್ಸವದಲ್ಲಿ ಮತ್ತೆ ಆಡ್ತಾರಂತಲ್ಲ. ಹೊಸ ವಿಭಾಗಕ್ಕೆ ಜಾಗ ಬೇಕಂತೆ. ಒಳ್ಳೇದೇ ಆಯ್ತು,” ಎಂದರು.

ಅವಳು ಮನೆಗೆ ಬಂದು ಅಮ್ಮನಿಗೆ ಹೇಳಿದಳು. ಅಮ್ಮ ಅಳಲಿಲ್ಲ. ಬೆಂಕಿ ಆರಿಸಿ, ಒಲೆಯ ಮುಂದೆಯೇ ಕೂತಳು. “ಅವರು ಇದ್ದಾಗ ಗೊತ್ತಾಗಬಾರದಿತ್ತಾ,” ಎಂದಳು. ಆಮೇಲೆ ತಗಡಿನ ಗೋಡೆಯ ಕಡೆ ಕೈ ತೋರಿಸಿದಳು. “ಅಲ್ಲಿ ಹೇಳು.”

ಮಗಳು ಹೋಗಿ ಹೇಳಿದಳು. ಕತ್ತರಿ ಮಾವ ಕೇಳಿಸಿಕೊಂಡು, ತಗಡಿನ ಚೂರುಗಳನ್ನು ಕಾಲಿನಿಂದ ಒಟ್ಟುಮಾಡಿದ.

“ಚೆನ್ನಾಗಿ ಓದಿದೀಯ. ಕತೆ ಕಟ್ಟೋಕೂ ಕಲಿತಿದೀಯ. ನಾಟಕ ಆಡೋ ಹುಡುಗ ಒಪ್ಪಿದ ಅಂತ ಸರ್ಕಾರ ನಮ್ಮ ಮನೆ ಕೆಡವ್ತಾ? ಸಣ್ಣ ಮಕ್ಕಳಿಗೆ ಹೇಳು ಹೋಗು.”

“ಬಾಯಲ್ಲಿ ಹೇಳಿದ್ರೆ ನಂಬಬೇಡಿ ಮಾವ. ಬಂದು ನೋಡಿ. ನಾಳೆ ಮಧ್ಯಾಹ್ನ ಮತ್ತೆ ತಾಲೀಮಿದೆ.”

“ನಾನು ಆ ಜಾಗಕ್ಕೆ ಕಾಲಿಡಲ್ಲ.”

“ಅದು ನಿಮ್ಮ ಅಂಗಡಿ ಇದ್ದ ಜಾಗ.”

ಕತ್ತರಿ ಮಾವ ಬಂದ. ಗೇಟಿನಲ್ಲಿ ಕಾವಲುಗಾರ ತಡೆದಾಗ ಮಗಳು, “ನಮ್ಮ ಮನೆಯವರು, ಸಭೆಗೆ ಬೇಕಾದವರು,” ಎಂದಳು. ಅವಳು ಅಲ್ಲಿ ತನ್ನವರೆಂದು ಯಾರನ್ನಾದರೂ ತೋರಿಸಿದ್ದು ಅದೇ ಮೊದಲು. ಮಾವ ಸಭಾಂಗಣದ ಕೊನೆಯ ಸಾಲಿನಲ್ಲಿ, ಮೆತ್ತನೆಯ ಕುರ್ಚಿಯ ತುದಿಯಲ್ಲಿ, ಯಾರಾದರೂ ಎಬ್ಬಿಸುತ್ತಾರೆ ಎನ್ನುವಂತೆ ಕೂತ.

ವೇದಿಕೆಯ ಬದಿಯಲ್ಲಿ ಟ್ರಂಕು ಬಾಯಿ ತೆರೆದಿತ್ತು. ವಿದ್ಯಾರ್ಥಿಗಳು ಕಿಸಿಕಿಸಿ ನಗುತ್ತ ಟೋಪಿ ಹಾಕಿಕೊಳ್ಳುತ್ತಿದ್ದರು. ಒಬ್ಬ ಹುಸಿ ಗಡ್ಡ ಅಂಟಿಸಿಕೊಂಡು ಊರುಗೋಲು ಹಿಡಿದು ಬೆನ್ನು ಬಗ್ಗಿಸಿ ನಡೆದ. “ಅಷ್ಟು ಬಗ್ಗಬೇಡ್ವೋ, ನೀನು ಬಡವ, ಮುದುಕ ಅಲ್ಲ,” ಎಂದು ಒಬ್ಬಳು ಗದರಿದಳು. ನಡುವೆ ಕ್ಯಾಮೆರಾ ಇಟ್ಟುಕೊಂಡು ಒಬ್ಬ ದೀಪ ಸರಿಮಾಡುತ್ತಿದ್ದ.

“ತಾಲೀಮನ್ನೂ ಚಿತ್ರೀಕರಣ ಮಾಡ್ತೀರಾ?” ಮಗಳು ಕೇಳಿದಳು.

“ಎಲ್ಲಾ ಬೇಕಂತೆ ಮೇಡಂ. ಒಂದು ಪ್ರತಿ ಸಚಿವಾಲಯಕ್ಕೂ ಹೋಗುತ್ತೆ ಅಂದ್ರು.”

ಚರಂಡಿ ದಂಡೆಯ ಸುಣ್ಣದ ಗೆರೆ ಅವಳಿಗೆ ನೆನಪಾಯಿತು. ಅಷ್ಟರಲ್ಲಿ ನಿರ್ದೇಶಕರು ಬಂದರು. ಕೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳನ್ನು ಪಕ್ಕಕ್ಕೆ ಕರೆದರು.

“ಪ್ರತಿನಿಧಿಯ ಪಾತ್ರ ನೀವೇ ಮಾಡಬೇಕು ಮೇಡಂ.”

“ನಾನು ವಿದ್ಯಾರ್ಥಿ ಅಲ್ಲ ಸರ್.”

“ಗೊತ್ತು.” ದನಿ ತಗ್ಗಿಸಿದರು. “ಈ ಕೋಟು ನಿಮ್ಮ ತಂದೆಯವರದ್ದು ಅನ್ನೋದೂ ಗೊತ್ತು. ಸಂದರ್ಶನದ ದಿನ ನೀವು ಬಾಯಿ ತೆಗೆದಾಗಲೇ ಗುರುತು ಸಿಕ್ಕಿತು. ಅವರದ್ದೇ ಗಂಟಲು. ಎಷ್ಟು ದಿನ ಕೇಳಿ ಕಲಿತಿದ್ದೆ ಅದನ್ನ! ಚಳಿ ಅಂದಾಗ ಬಿಚ್ಚಿ ಕೊಟ್ಟುಬಿಟ್ರು. ಒಳ್ಳೇ ಮನುಷ್ಯ.”

“ನೀವು ವಾಪಸ್ ಕೊಡಲಿಲ್ಲ.”

“ಕೊಡಬೇಕು ಅಂತಲೇ ಇದ್ದೆ. ಅದು ಶಾಲೆಯ ಆಸ್ತಿ ಆಗ್ಬಿಡ್ತು.” ಅವರು ಮುಗುಳ್ನಕ್ಕರು. “ನೋಡಿ, ಆಗ ನಾನು ನಿಮ್ಮವರ ಪರವಾಗಿ ಮಾತಾಡಿದೆ. ಹೊರಗಿನವನು ಅನ್ನೋ ಕೊರತೆ ಇತ್ತು, ಒಪ್ಕೋತೀನಿ. ಈ ಸಲ ಅದೂ ಇರಲ್ಲ. ಕೇರಿಯ ಮಗಳೇ ಹೇಳ್ತಾಳೆ. ಚರಿತ್ರೆ ಬರೆದವಳೂ ಅವಳೇ. ಇದಕ್ಕಿಂತ ಪಾರದರ್ಶಕ ಇನ್ನೇನಿದೆ?”

ಸಕ್ಕರೆ, ಕುರ್ಚಿ, ಹುದ್ದೆ, ಸತ್ವ ಎಲ್ಲ ಒಂದೇ ದಾರದಲ್ಲಿ ಸೇರಿಕೊಂಡವು. ಅವಳು ಅಪ್ಪನ ಗುಟ್ಟು ಹುಡುಕಿಕೊಂಡು ಇಲ್ಲಿಗೆ ಬಂದಿದ್ದಳು. ಇವರು ಅವಳಿಗಾಗಿ ಕಾದುಕೊಂಡಿದ್ದರು.

“ನಮ್ಮಪ್ಪ ಒಪ್ಪಿಗೆ ಕೊಡಲಿಲ್ಲ ಅಂತ ಕೇರಿಯವರಿಗೆ ಯಾಕೆ ಹೇಳಲಿಲ್ಲ ಸರ್? ಅವರು ಅದೇ ಕೊರಗಲ್ಲಿ ಸತ್ತರು.”

ನಿರ್ದೇಶಕರು ನಿಜವಾಗಿಯೂ ಬೆರಗಾದರು. “ಅವರ ಮೇಲೆ ಬಂತಾ ಅದು? ನಾವು ಯಾರ ಹೆಸರೂ ಹಾಕಿರಲಿಲ್ಲವಲ್ಲ! ಹೆಸರು ಹಾಕಬಾರದು ಅನ್ನೋದು ಸಂಶೋಧನೆಯ ಮೊದಲ ನಿಯಮ.” ನಂತರ ಗಡಿಯಾರ ನೋಡಿಕೊಂಡರು. “ಅದನ್ನ ಆಮೇಲೆ ಮಾತಾಡೋಣ. ಸಾಲುಗಳು ಕಷ್ಟ ಇಲ್ಲ. ನಿಲ್ಲೋ ಭಂಗಿ ಮುಖ್ಯ. ಒಂದು ನಿಮಿಷ, ತೋರಿಸ್ತೀನಿ.”

ಅವರು ಕೋಟನ್ನು ತಾವೇ ತೊಟ್ಟರು. ಹೊಟ್ಟೆಯ ಹತ್ತಿರ ಗುಂಡಿ ಸೇರಲಿಲ್ಲ. ಸಭೆಗೆ ಬೆನ್ನು ಮಾಡಿ, ಕಾಲು ಅಗಲಿಸಿ ನಿಂತರು. ಬಲಗೈಯನ್ನು ಹೆಗಲಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಎತ್ತಿದರು. ದೀಪ ತೇಪೆಯ ಮೇಲೆ ಬಿತ್ತು. ಗಂಟಲು ಬದಲಾಯಿಸಿದರು. “ಊರಿನ ಒಳಿತಿಗಾಗಿ ನಾವು ಈ ಜಾಗ ಬಿಟ್ಟುಕೊಡಲು ಒಪ್ಪಿದ್ದೇವೆ!”

ಅದು ಅಪ್ಪನ ದನಿ.

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಧಡಕ್ಕನೆ ಮಡಚಿಕೊಂಡಿತು. ಕತ್ತರಿ ಮಾವ ಎದ್ದು ನಿಂತಿದ್ದ. ಮನೆಮನೆಗೆ ತಾನು ಹಿಡಿದುಕೊಂಡು ಹೋದ ಚಿತ್ರ ಅವನ ಮುಂದೆ ನಿಂತು ಮಾತಾಡಿತ್ತು.

“ಯಾರದು?” ಎಂದ. “ತಿರುಗಯ್ಯಾ. ತಿರುಗು ಈ ಕಡೆ. ಮುಖ ನೋಡ್ತೀನಿ.”

ನಿರ್ದೇಶಕರು ತಿರುಗಿದರು. “ಇವರು ಯಾರು?” ಎಂದು ಮಗಳನ್ನು ಕೇಳಿದರು.

“ನಿವಾಸಿ,” ಎಂದಳು ಮಗಳು.

ವಿದ್ಯಾರ್ಥಿಗಳು ಇದೂ ಆಟದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಯಾವ ತಂಡದವರಿವರು, ಚೆನ್ನಾಗಿ ಮಾಡುತ್ತಿದ್ದಾರೆ ಎಂದು ಒಬ್ಬ ಪಿಸುಗುಟ್ಟಿದ. ಮಾವನಿಗೆ ಅದು ಕೇಳಿಸಲಿಲ್ಲ. ಅವನು ಆ ಮುಖವನ್ನು ನೋಡುತ್ತಲೇ ನಿಂತ; ಆಮೇಲೆ ಮಗಳ ಕಡೆ ನೋಡಲಾರದೆ ತಲೆ ತಗ್ಗಿಸಿ, ಮಡಚಿಕೊಂಡ ಕುರ್ಚಿಯ ಬೆನ್ನು ಹಿಡಿದುಕೊಂಡ.

“ಪರವಾಗಿಲ್ಲ, ನಿಜವಾದ ಮುಖಗಳೂ ಇರಲಿ,” ಎಂದರು ನಿರ್ದೇಶಕರು ಕ್ಯಾಮೆರಾದವನಿಗೆ. ಕೋಟು ಬಿಚ್ಚಿ ಮಗಳಿಗೆ ಕೊಟ್ಟರು. “ಹಾಕ್ಕೊಳ್ಳಿ ಮೇಡಂ. ಸಾಲಲ್ಲಿ ಸಣ್ಣ ಬದಲಾವಣೆ ಇದೆ. ‘ಈ ಜಾಗ’ ಅನ್ನೋ ಬದಲು ‘ಚರಂಡಿಯಾಚೆಯ ತಗ್ಗು’ ಅಂತ ಹೇಳಿ.”

ಮಗಳು ಕೋಟು ತೊಟ್ಟಳು. ತೋಳು ಉದ್ದವಾಯಿತು, ಬೆರಳುಗಳು ಒಳಗೆ ಮುಚ್ಚಿಹೋದವು. ಅಪ್ಪ ಇಷ್ಟು ಎತ್ತರವಿದ್ದ ಎನ್ನುವುದೇ ಮರೆತುಹೋಗಿತ್ತು. ಅವಳ ನೆನಪಿನಲ್ಲಿ ಉಳಿದದ್ದು ಕುಗ್ಗಿದ ಮನುಷ್ಯ. ಅವಳು ವೇದಿಕೆ ಏರಿದಳು. ಸಭೆಗೆ ಬೆನ್ನು ಮಾಡಲಿಲ್ಲ. ಮುಖ ಮಾಡಿ ನಿಂತಳು.

“ತಿರುಗಿ ಮೇಡಂ, ಆ ಕಡೆ,” ಎಂದ ಕ್ಯಾಮೆರಾದವನು.

ಅವಳು ತಿರುಗಲಿಲ್ಲ.

“ಇರಲಿ, ಹಾಗೇ ಹೇಳಿ,” ಎಂದರು ನಿರ್ದೇಶಕರು. “ಹ್ಞಾಂ. ಊರಿನ ಒಳಿತಿಗಾಗಿ…”

ದೀಪ ಉರಿಯುತ್ತಿತ್ತು. ಹುಸಿ ಗಡ್ಡದವನು ಮುಂದಿನ ಸಾಲಿನಿಂದ ನೆನಪಿಸಿಕೊಟ್ಟ: “ಊರಿನ ಒಳಿತಿಗಾಗಿ, ಮೇಡಂ.”

“ನಾನು ಹೇಳಲ್ಲ,” ಎಂದಳು. ಜೋರಾಗಿ ಹೇಳಬೇಕೆಂದಿರಲಿಲ್ಲ, ದನಿ ತಾನೇ ಕೊನೆಯ ಸಾಲಿನ ತನಕ ಹೋಯಿತು.

ನಿರ್ದೇಶಕರು ವೇದಿಕೆಯ ಮೆಟ್ಟಿಲ ಬಳಿ ಬಂದು ಸಣ್ಣ ದನಿಯಲ್ಲಿ, “ಯೋಚನೆ ಮಾಡಿ. ಹುದ್ದೆ ವಿಷಯ ಇದೆ,” ಎಂದರು. ಅವಳು ಅಲುಗಲಿಲ್ಲ. ಅವರ ಮುಖದ ನಗು ಹೋಯಿತು. ವಿದ್ಯಾರ್ಥಿಗಳ ಕಡೆ ತಿರುಗಿ ಬೆರಳು ಮಾಡಿದರು. “ನೀನು ಬಾ. ಗಡ್ಡ ತೆಗಿ. ಸಾಲು ಬರುತ್ತಲ್ಲ ನಿನಗೆ? ಮೇಡಂ, ನೀವು ಕೆಳಗಿಳೀರಿ. ಕೋಟು ಅವನಿಗೆ ಕೊಡಿ.”

ಹುಡುಗ ಬಂದು ಕೈ ಚಾಚಿದ.

ಮಗಳು ಉದ್ದನೆಯ ತೋಳುಗಳನ್ನು ಮಡಚಿಕೊಂಡಳು, ಒಂದು ಮಡಿಕೆ, ಇನ್ನೊಂದು ಮಡಿಕೆ, ಬೆರಳುಗಳು ಹೊರಗೆ ಬರುವ ತನಕ. ಗುಂಡಿಗಳನ್ನು ಹಾಕಿಕೊಂಡಳು.

“ಕೊಡಿ ಮೇಡಂ. ಅದು ಶಾಲೆಯದ್ದು.”

“ಕೊಡಲ್ಲ,” ಎಂದಳು. “ಒಂದ್ಸಲ ಕೊಟ್ಟಿದ್ದಾಯ್ತು.”